ಸೂಟ್ಯಾಗ ಓಣಿ ಹುಡುಗ್ರಿಗೆ ಚುಕ್ಕಿ ತೋರಸ್ಬೇಕು, ಟೆಲಿಸ್ಕೋಪ್ ತಗೊಳ್ಳೋದೋ ಬ್ಯಾಡೋ?

ನವನಗರ_ಮಾಳಿಗಿ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳಿ ನವನಗರದಾಗ ಇರೋದು. ಸೂಟಿ ಬಿಟ್ಟೈತಿ, ನಮ್ಮ ಅಕ್ಕನ ಮಗ ಮತ್ತ ಓಣ್ಯಾಗಿನ ಒಂದಿಷ್ಟು ಹುಡುಗ್ರು, ಆರನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನ ತನಕ ಅನ್ಕೋರಿ, ರಾತ್ರಿ ಊಟಾದ ಮ್ಯಾಲ ನಮ್ಮ ಮಾಳಿಗಿ ಮ್ಯಾಲ ಬಂದು ಮೊಬೈಲ್ ಹಿಡ್ಕೊಂಡು ಕುಂಡರ್ತಾವ. ಗ್ರಹದ ಹೆಸರು ಕೇಳಿದ್ರ ಗಡಗಡ ಹೇಳ್ತಾವ್ರಿ, ಧ್ರುವ ನಕ್ಷತ್ರ ಎಲ್ಲೈತಿ ತೋರಸ್ರೋ ಅಂದ್ರ ಎಲ್ಲಾವೂ ನೆತ್ತಿ ಮ್ಯಾಲ ಕೈ ಮಾಡ್ತಾವ. ಈ ಸೂಟ್ಯಾಗ ಖರೇ ಆಕಾಶ ನೋಡೋದು ಕಲಸ್ಬೇಕು ಅಂತ ಐತಿ. ಆನ್‌ಲೈನ್‌ನಾಗ ಐದಾರು ಸಾವಿರಕ್ಕ ಟೆಲಿಸ್ಕೋಪ್ ಅದಾವ, 500 ಪಟ್ಟು ದೊಡ್ಡದು ಕಾಣಸ್ತೈತಿ ಅಂತ ಬರದಾರ, ತಗೋಬಹುದೇನ್ರಿ? ಮತ್ತ ನಮ್ಮ ಕಡೆ ಬೀದಿ ಲೈಟ್ ಭಾಳ, ಊರ ಹೊರಗ ಹೋಗೋದಾದ್ರ ಎಲ್ಲಿಗೆ ಹೋಗೋದು?

ಕೆಲಗೇರಿ_ಮಾಸ್ತರ್:
ಬ್ಯಾಡ್ರಿ, ರೊಕ್ಕ ಹಾಳು. ಆ ರೇಟಿನ ಟೆಲಿಸ್ಕೋಪಿಗೆ ಮುಂದಿನ ಗಾಜಿನ ಅಗಲ 50-60 ಮಿಲಿಮೀಟರ್ ಇರ್ತೈತಿ. ಒಂದು ಮಿಲಿಮೀಟರಿಗೆ ಎರಡು ಪಟ್ಟು ಅಂತ ಲೆಕ್ಕ ಹಿಡೀರಿ, ಅಂದ್ರ 100-120 ಪಟ್ಟಿನ ಮ್ಯಾಲ ಹೋದ್ರ ಬರೇ ಮಬ್ಬು ಮಬ್ಬು, 500 ಅನ್ನೋದು ಡಬ್ಬಿ ಮ್ಯಾಲಿನ ಮಾತು. ಸ್ಟ್ಯಾಂಡೂ ಅಳ್ಳಾಡ್ತೈತಿ, ಹುಡುಗ್ರು ಒಂದು ವಾರ ನೋಡಿ ಮೂಲಿಗೆ ಇಡ್ತಾವ. ತಗೊಳ್ಳೋದೇ ಇದ್ರ 10x50 (ಹತ್ತು ಪಟ್ಟು, 50 ಮಿಲಿಮೀಟರ್ ಗಾಜು) ಬೈನಾಕ್ಯುಲರ್ ತಗೋರಿ, ಅದೂ ಈಗ ಬ್ಯಾಡ, ಮೊದಲ ಬರಿಗಣ್ಣು.

ಧ್ರುವದಿಂದನ ಶುರು ಮಾಡ್ರಿ. ಒಂದು ಊರಾಗ ಧ್ರುವ ಎಷ್ಟು ಎತ್ತರ ಇರ್ತೈತಿ ಅಂದ್ರ ಆ ಊರಿನ ಅಕ್ಷಾಂಶದಷ್ಟ. ಹುಬ್ಬಳ್ಳಿ-ಧಾರವಾಡದ್ದು ಸುಮಾರು 15 ಡಿಗ್ರಿ. ಕೈ ನೆಟ್ಟಗ ಚಾಚಿ ಮುಷ್ಟಿ ಹಿಡದ್ರ ಅದರ ಅಗಲ 10 ಡಿಗ್ರಿ ಆಗ್ತೈತಿ, ಅಂದ್ರ ಉತ್ತರಕ್ಕ ನೆಲದಿಂದ ಒಂದೂವರೆ ಮುಷ್ಟಿ ಮ್ಯಾಲ, ಅಷ್ಟ. ಅಲ್ಲಿ ಯಾವುದಾರ ಅಪಾರ್ಟ್‌ಮೆಂಟ್ ಅಡ್ಡ ಬಂದಿದ್ರ ನೀವು ಜನ್ಮದಾಗ ಧ್ರುವ ನೋಡಿರಂಗಿಲ್ಲ. ಹುಡುಗ್ರ ಕಡೆಯಿಂದನ ಮುಷ್ಟಿ ಹಿಡಿಸಿ ಅಳಸ್ರಿ, ಭೂಮಿ ಮ್ಯಾಲ ನಾವು ಎಲ್ಲಿದ್ದೀವಿ ಅನ್ನೋದನ್ನ ಒಂದು ಚುಕ್ಕಿ ನೋಡಿ ಹೇಳಬಹುದು ಅಂತ ತಿಳೀತಂದ್ರ ಮುಂದಿನದು ತಾವ ಕೇಳ್ತಾವ.

ಈಗ ಉತ್ತರಕ್ಕ ಸಪ್ತರ್ಷಿ ಛಂದ ಕಾಣ್ತಾವ. ಏಳು ಚುಕ್ಕಿಯೊಳಗ ನಾಕು ಚೌಕ, ಮೂರು ಬಾಲ. ಬಾಲದಾಗ ನಡುವಿನ ಚುಕ್ಕಿ ವಸಿಷ್ಠ, ಅದಕ್ಕ ಹತ್ತಿ ಸಣ್ಣದೊಂದು ಅರುಂಧತಿ, ಯಾರ ಕಣ್ಣಿಗೆ ಕಾಣ್ತೈತಿ ಅಂತ ಪೈಪೋಟಿ ಹಚ್ಚರಿ (ಮದುವ್ಯಾಗ ಮಟಮಟ ಮಧ್ಯಾಹ್ನ ತೋರಸ್ತಾರಲ್ಲ, ಅದ). ಬಾಲದ ಬಾಗು ಹಂಗ ಮುಂದುವರಿಸಿದ್ರ ಕೇಸರಿ ಬಣ್ಣದ ಸ್ವಾತಿ, ಇನ್ನೂ ಮುಂದ ಹೋದ್ರ ಬೆಳ್ಳಗ ಚಿತ್ರಾ. ಮೇ ನಡುವ ರಾತ್ರಿ ಒಂಬತ್ತೂವರಿಗೆ ತಿರುಗಿ ದಕ್ಷಿಣಕ್ಕ ನೋಡ್ರಿ, ನೆಲಕ್ಕ ಹತ್ರನ ತ್ರಿಶಂಕು, ನಾಕು ಚುಕ್ಕಿ ಶಿಲುಬಿ ಇದ್ದಂಗ. ಇದು ದಿಲ್ಲಿಯವರಿಗೆ ಪೂರಾ ಕಾಣಂಗಿಲ್ಲ, ಇಂಗ್ಲೆಂಡಿನವರಿಗೆ ಒಟ್ಟ ಇಲ್ಲ, ನಮಗ ಒಂದ ಮಾಳಿಗಿ ಮ್ಯಾಲ ನಿಂತ್ರ ಒಂದು ಕಡೆ ಧ್ರುವ, ಇನ್ನೊಂದು ಕಡೆ ತ್ರಿಶಂಕು.

ಕಪ್ಪತಗುಡ್ಡ_ಗಾಳಿ:
ಮಾಸ್ತರ್ ಹೇಳಿದ್ದು ಖರೆ. ನಾವು ಮುಂಡರಗಿ ಕಡೆಯವರು, ರೈತ್ರು. ನಾ ಒಂದು ಮಾತು ಸೇರಸ್ತೀನಿ, ಮಳಿ ಹೆಸರಿಂದ ಶುರು ಮಾಡ್ರಿ. ರೋಣಿ ಮಳಿ ಆದ್ರ ಓಣಿ ತುಂಬಾ ಜೋಳ ಅಂತಾರ, ಆಮ್ಯಾಲ ಮಿರಗ, ಆರಿದ್ರಾ... ಇವೆಲ್ಲಾ ಚುಕ್ಕಿ ಹೆಸರ ಅಲ್ಲೇನ್ರಿ, ಆದ್ರ ಮಿರಗದ ಮಳ್ಯಾಗ ಮೃಗಶಿರಾ ಹುಡುಕ್ರಿ, ಸಿಗಂಗಿಲ್ಲ. ಮೋಡ ಇರಲಿಕ್ರೂ ಸಿಗಂಗಿಲ್ಲ. ಯಾಕ ಅಂದ್ರ ಆವಾಗ ಸೂರ್ಯ ಆ ಚುಕ್ಕಿ ಇರೋ ಕಡೇನ ಇರ್ತಾನ, ಹಗಲಾಗ ಸೂರ್ಯನ ಜೋಡಿ ಹುಟ್ಟಿ ಜೋಡೀನ ಮುಳಗ್ತೈತಿ. ಅದಕ್ಕ ಆ ಮಳಿಗೆ ಆ ಹೆಸರು. ವರ್ಷದ 365 ದಿನಾ 27 ನಕ್ಷತ್ರಕ್ಕ ಹಂಚಿದ್ರ ಒಂದೊಂದಕ್ಕ ಹದಿಮೂರೂವರೆ ದಿನ, ಮಳಿ ಬದಲಾಗೋದೂ ಅಷ್ಟಕ್ಕ. ಆರು ತಿಂಗಳ ಆದ ಮ್ಯಾಲ ಡಿಸೆಂಬರಿನಾಗ ಅದ ಮೃಗಶಿರಾ ರಾತ್ರಿಪೂರ್ತಿ ಕಾಣ್ತೈತಿ. ಭೂಮಿ ಸೂರ್ಯನ ಸುತ್ತ ತಿರಗ್ತೈತಿ ಅನ್ನೋದಕ್ಕ ಇದಕ್ಕಿಂತ ಪಾಠ ಬೇಕೇನ್ರಿ, ಅಜ್ಜಗೋಳಿಗೆ ಮಳಿ ಲೆಕ್ಕ ಗೊತ್ತೈತಿ, ಹುಡುಗ್ರಿಗೆ ಕಾರಣ ಹೇಳ್ರಿ, ಇಬ್ಬರನ್ನೂ ಕೂಡಸ್ರಿ.

ಚಂದ್ರಂದೂ ಹಂಗ. ಗ್ವಾಡಿ ಕ್ಯಾಲೆಂಡರಿನಾಗ ಇವತ್ತು ಚಿತ್ರಾ, ನಾಳೆ ಸ್ವಾತಿ ಅಂತ ಇರ್ತೈತಲ್ಲ, ಅದು ಚಂದ್ರ ಇರೋ ಜಾಗಾ. ದಿನಾ ಒಂದು ಹೊತ್ತಿಗೆ ನೋಡಿದ್ರ ಚಂದ್ರ 13 ಡಿಗ್ರಿ ಪೂರ್ವಕ್ಕ ಸರದಿರ್ತಾನ, ಮುಷ್ಟಿ ಮ್ಯಾಲ ಸ್ವಲ್ಪ.

ಕತ್ತಲಿಗೆ ಗುಡ್ಡಕ್ಕ ಬರ್ತೀನಿ ಅಂದ್ರ ಮೊದಲ ಅರಣ್ಯ ಇಲಾಖೆಯವರನ್ನ ಕೇಳ್ರಿ, ಕಪ್ಪತಗುಡ್ಡ ವನ್ಯಜೀವಿಧಾಮ ಐತಿ, ರಾತ್ರಿ ಸುಮ್ನ ಹೋಗಾಕ ಬರಂಗಿಲ್ಲ. ಗುಡ್ಡದ ಕಡೆ ಗಾಳಿ ಫ್ಯಾನಿನ ಕೆಂಪು ಲೈಟೂ ಪಿಳಿಪಿಳಿ ಅಂತಾವ. ಯಾರದರ ಹೊಲದಾಗ ಅಮಾಸಿ ಆಸುಪಾಸು ಬರ್ರಿ, ಅಷ್ಟ ಸಾಕು.

ಏಲಕ್ಕಿ_ಹಾವೇರಿ:
ನನಗ ಮಾಸ್ತರ ಮಾತು ಪೂರಾ ಒಪ್ಪಿಗಿ ಇಲ್ಲರೀ. ಮುಷ್ಟಿ, ಮಳಿ ಎಲ್ಲಾ ಚಲೋ, ಆದ್ರ ಶನಿ ಗ್ರಹದ ಸುತ್ತಿನ ಉಂಗುರ ಒಮ್ಮೆ ಕಣ್ಣಾರೆ ನೋಡಿದ ಹುಡುಗ ಮರಿಯಂಗಿಲ್ಲ, ಅದು ಬೈನಾಕ್ಯುಲರಿನಾಗ ಕಾಣಂಗಿಲ್ಲ. ಸ್ವಂತ ತಗೋಬ್ಯಾಡ್ರಿ, ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಾಗ ಐತಿ, ಅಲ್ಲಿ ಆಕಾಶ ನೋಡೋ ಕಾರ್ಯಕ್ರಮ ಯಾವಾಗ ಅಂತ ವಿಚಾರಸ್ರಿ. ಚಂದ್ರನ ತೋರಸೋದಾದ್ರ ಹುಣ್ಣಿವಿ ದಿನ ಬ್ಯಾಡ, ಅಷ್ಟಮಿ ಹಿಂದಮುಂದ ತೋರಸ್ರಿ. ಹುಣ್ಣಿವಿಗೆ ಬಿಸಿಲು ಎದುರಿಗೆ ಬಿದ್ದು ನೆರಳ ಇರಂಗಿಲ್ಲ, ಅಷ್ಟಮಿಗೆ ಬೆಳಕು-ಕತ್ತಲಿ ಕೂಡೋ ಗೆರಿ ಮ್ಯಾಲ ಕುಳಿ ಎಲ್ಲಾ ಎದ್ದು ಕಾಣ್ತಾವ.

ಇನ್ನ ಗ್ರಹಣ ಬಂದ್ರ ಮನ್ಯಾಗ ಕೂಡಿ ಹಾಕಬ್ಯಾಡ್ರಿ ದಯವಿಟ್ಟು. 1980ರ ಫೆಬ್ರುವರಿ 16ಕ್ಕ ಹುಬ್ಬಳ್ಳಿ, ಗದಗ ಮ್ಯಾಲ ಖಗ್ರಾಸ ಸೂರ್ಯಗ್ರಹಣ ಹಾದು ಹೋತು, ಜಗತ್ತಿನವರು ಅದನ್ನ ನೋಡಾಕ ಇಂಡಿಯಾಕ್ಕ ಬಂದ್ರು, ನಮ್ಮ ಹಿರ್ಯಾರು ಬಾಗಿಲಾ ಹಾಕ್ಕೊಂಡು ಒಳಗ ಕುಂತ್ರು! ಬರಿಗಣ್ಣಿಲೆ ಮಾತ್ರ ಸೂರ್ಯನ್ನ ನೋಡಬಾರದು, ಬೈನಾಕ್ಯುಲರಿಲೆ ಅಂತೂ ಸಾಯಲಿಕ್ರೂ ಬ್ಯಾಡ, ಕಣ್ಣು ಹೋಗ್ತಾವ.

ನವನಗರ_ಮಾಳಿಗಿ:
ಭಾಳ ಉಪಕಾರ ಆತ್ರಿ ಎಲ್ಲಾರ್ದೂ. ಟೆಲಿಸ್ಕೋಪ್ ಕ್ಯಾನ್ಸಲ್. ನಿನ್ನೆ ರಾತ್ರಿ ಮುಷ್ಟಿ ಹಿಡದು ಧ್ರುವ ಹುಡುಕಿದ್ವಿ, ನೀರಿನ ಟ್ಯಾಂಕಿನ ಬಾಜೂಕ ಸಿಕ್ತು, ಇಷ್ಟ ಮಂದ ಐತೇನು ಅಂತ ಹುಡುಗ್ರಿಗೆ ಬ್ಯಾಸರ ಆತು ಖರೆ, ಎಲ್ಲಾಕ್ಕಿಂತ ಹೊಳಿಯೋ ಚುಕ್ಕಿ ಅಂತ ತಿಳ್ಕೊಂಡಿದ್ವು ಅವು. ಹಗಲಾಗ ಮಾಡೋವಂಥಾದ್ದು ಏನರ ಐತೇನ್ರಿ ಮಾಸ್ತರ?

ಕೆಲಗೇರಿ_ಮಾಸ್ತರ್:
ಐತ್ರಿ, ಅದೂ ಈ ಸೂಟ್ಯಾಗನ. ಮೇ 2-3ರ ಸುಮಾರಿಗೆ ನಮ್ಮ ಕಡೆ ಸೂರ್ಯ ನೆತ್ತಿಗೆ ಸರಿಯಾಗಿ ಬರ್ತಾನ, ಶೂನ್ಯ ನೆರಳಿನ ದಿನ. ಒಂದು ಪೈಪಿನ ತುಂಡು ಸಪಾಟ ಜಾಗಾದಾಗ ನಿಲ್ಲಸ್ರಿ, ಗೌಂಡಿಗಳು ಗ್ವಾಡಿ ನೋಡೋ ಗುಂಡು ಬಿಟ್ಟು ನೆಟ್ಟಗ ಐತೋ ಇಲ್ಲೋ ನೋಡ್ಕೋರಿ, ಮತ್ತ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತರಿಂದ ನೋಡಾಕ ಹತ್ರಿ. ಗಡಿಯಾರದ ಟೈಮು 82.5 ಡಿಗ್ರಿ ರೇಖಾಂಶದ್ದು, ನಾವು ಇರೋದು 75ರ ಹತ್ರ, ಒಂದು ಡಿಗ್ರಿಗೆ ನಾಕು ನಿಮಿಷದಂಗ ನಮ್ಮ ಮಧ್ಯಾಹ್ನ ಅರ್ಧ ತಾಸು ತಡ. ಅಷ್ಟೊತ್ತಿಗೆ ಪೈಪಿನ ನೆರಳು ಹೊರಗ ಬೀಳಂಗಿಲ್ಲ. ಆಗಸ್ಟ್ 10-11ಕ್ಕ ಇನ್ನೊಮ್ಮೆ ಬರ್ತೈತಿ, ಆದ್ರ ಆವಾಗ ಮಳಿ, ಅದನ್ನ ನೆಚ್ಚಬ್ಯಾಡ್ರಿ. ಮುಂದ ಒಂದೆರಡು ವಾರ ದಿನಾ ಅದ ಹೊತ್ತಿಗೆ ನೆರಳಿನ ತುದಿಗೆ ಸುಣ್ಣದ ಗುರ್ತು ಹಚ್ಚಸ್ರಿ, ನೆರಳು ದಕ್ಷಿಣಕ್ಕ ಬೆಳಕೋತ ಹೋಗೋದು ಕಾಣ್ತೈತಿ. ಟೊಪಗಿ ಹಾಕ್ಕೊಳ್ಳಾಕ ಹೇಳ್ರಿ ಅವಕ್ಕ, ಮೇ ಬಿಸಿಲು.