ಬಿರುಕು, ಒಡಕು, ಸಂದು: ಕಲ್ಲಿನ ಕೆಲಸದಲ್ಲಿ ಯಾವುದಕ್ಕೆ ಯಾವ ಪದ?

ಪ್ರಶ್ನೆ

ನಮಸ್ಕಾರ. ಅಡುಗೆಕಟ್ಟೆಗೆ ಗ್ರಾನೈಟ್, ಅಮೃತಶಿಲೆಗಳ ಮೇಲ್ಗಲ್ಲು ಕತ್ತರಿಸಿ ಕೂರಿಸುವ ಸಣ್ಣ ಶೆಡ್ಡುಗಳವರಿಗೆಂದು ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಫಿಶರ್ (ಕಲ್ಲಿನಲ್ಲಿ ಮೊದಲಿಂದಲೇ ಇರುವುದು), ಕ್ರ್ಯಾಕ್ (ಆಮೇಲೆ ಆದದ್ದು) ಎರಡಕ್ಕೂ ‘ಬಿರುಕು’ ಎಂದೇ ಇದೆ. ಹಾಗಾಗಿ ಒಂದು ಪುಟ ‘ಬಿರುಕು ಕಲ್ಲಿನ ಹುಟ್ಟುಗುಣ, ದೋಷವಲ್ಲ’ ಎನ್ನುತ್ತದೆ. ಎರಡು ಪುಟ ದಾಟಿದರೆ ‘ಬಿರುಕಿದ್ದರೆ ಚಪ್ಪಡಿ ಬೇಡವೆನ್ನಿ’ ಎಂದಿದೆ. ಓದಿದವರು ಯಾವ ಮಾತು ಹಿಡಿಯಬೇಕು? ಎರಡು ತುಂಡು ಕೂಡುವ ಕಡೆಗೆ ಒಮ್ಮೆ ‘ಬೆಸುಗೆ’, ಇನ್ನೊಮ್ಮೆ ‘ಸಂದು’ ಎಂದಿದೆ. ಅಂಚಿನ ಕೆಲಸಕ್ಕೆ ‘ಮಸೆಯಿರಿ’ ಎಂದಿರುವುದೂ ಕಿವಿಗೆ ಸರಿಬರುತ್ತಿಲ್ಲ. ಕೆಲಸ ಬಲ್ಲವರು ಹೇಳಬೇಕು.

ಉತ್ತರ

ಬಿರುಕಿನಿಂದಲೇ ಶುರುಮಾಡೋಣ, ಹೆಚ್ಚು ನಷ್ಟ ಆಗುವುದು ಅಲ್ಲೇ. ‘ಬಿರಿ’ ಎಂಬ ಧಾತು ತಾನಾಗಿ ಆಗುವುದಕ್ಕೆ ಸಲ್ಲುತ್ತದೆ: ಮೊಗ್ಗು ಬಿರಿಯುತ್ತದೆ, ಒಣಗಿದ ಕೆರೆಯ ನೆಲ ಬಿರುಕು ಬಿಡುತ್ತದೆ. ಪೆಟ್ಟು ಬಿದ್ದು, ಭಾರ ತಾಳದೆ ಆದದ್ದು ಒಡಕು. ಒಡಕು ಮಡಕೆ ಎನ್ನುತ್ತೇವೆ, ಬಿರುಕು ಮಡಕೆ ಎನ್ನುವುದಿಲ್ಲ. ಈ ಭೇದ ನಿಮಗೆ ಬೇಕಾದದ್ದೇ. ಭೂಮಿಯೊಳಗೆ ಇದ್ದಾಗಲೇ ಹರಳುಗಳ ನಡುವೆ ಬಿಟ್ಟುಕೊಂಡದ್ದಕ್ಕೆ ‘ಹುಟ್ಟುಬಿರುಕು’ ಎನ್ನಿ. ಕತ್ತರಿಸುವಾಗ, ಸಾಗಿಸುವಾಗ, ಕೂರಿಸಿದ ಮೇಲೆ ಆದದ್ದಕ್ಕೆ ‘ಒಡಕು’. ಫಿಶರಿಗೆ ‘ಹುಟ್ಟುಗೆರೆ’ ಎನ್ನುವ ಆಸೆ ಬರಬಹುದು, ನನಗೆ ಒಪ್ಪಿಗೆಯಿಲ್ಲ. ಅದು ಬರೀ ಗೆರೆಯಲ್ಲ, ಅಲ್ಲಿ ಕಲ್ಲಿನ ಹಿಡಿತ ಕಡಿಮೆ. ಸಿಂಕಿನ ಮುಂದಿನ ಕಿರುಪಟ್ಟಿಗೆ ಅದು ಅಡ್ಡಬಂದರೆ ಅಲ್ಲೇ ಮುರಿಯುತ್ತದೆ. ಬರೀ ಬಣ್ಣದ ಗೆರೆಗೆ ‘ಎಳೆ’ ಸಾಕು. ‘ಸೀಳು’ ಬೇಡ, ಅದು ಬಂಡೆಗೆ ಉಳಿಯಿಟ್ಟು ಬೇಕೆಂದೇ ಮಾಡುವ ಕೆಲಸ.

ಪದದ ಜೊತೆಗೆ ಗುರುತಿಸುವ ಬಗೆಯನ್ನೂ ಕೈಪಿಡಿಯಲ್ಲಿ ಸೇರಿಸಿ. ಉಗುರನ್ನು ಅಡ್ಡಲಾಗಿ ಎಳೆದಾಗ ಸಿಕ್ಕಿಕೊಂಡರೆ, ಎರಡು ಬದಿಯ ಮಟ್ಟ ಬೇರೆಯಾಗಿದ್ದರೆ, ಗೆರೆಯುದ್ದಕ್ಕೂ ಚೂರು ಎದ್ದಿದ್ದರೆ ಒಡಕೆಂದೇ ತಿಳಿಯಬೇಕು. ಒಡಕು ಸಾಮಾನ್ಯವಾಗಿ ಒಂದು ಮೂಲೆಯಿಂದಲೋ ಕೊರೆದ ಕಂಡಿಯಿಂದಲೋ ಹೊರಡುತ್ತದೆ. ಹುಟ್ಟುಬಿರುಕು ಹರಳುಗಳನ್ನು ಅನುಸರಿಸಿ ಅಂಕುಡೊಂಕಾಗಿ ಸಾಗುತ್ತದೆ, ಮೇಲ್ಮೈ ಕೈಗೆ ನಯವಾಗಿಯೇ ಇರುತ್ತದೆ. ನೀರು ಹಾಕಿ ಒರೆಸಿದ ಮೇಲೂ ಒದ್ದೆಗೆರೆ ಉಳಿದರೆ ಅದು ತೆರೆದಿದೆ ಎಂದಷ್ಟೇ ಗೊತ್ತಾಗುತ್ತದೆ, ಯಾವುದೆಂದು ಗೊತ್ತಾಗುವುದಿಲ್ಲ. ಬೆರಳ ಗೆಣ್ಣಿನಿಂದ ಬಡಿದು ದನಿಯನ್ನೂ ಕೇಳಬೇಕು. ಒಡಕು ದನಿ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಇನ್ನು ಬೆಸುಗೆ. ಲೋಹ ಕಾಯಿಸಿ ಬೆಸೆಯುವುದು ಓದುವವರ ಕಣ್ಣಿಗೆ ಕಟ್ಟುವುದರಿಂದ ಇಲ್ಲಿ ಬೇಡ. ‘ಸಂದು’ ಒಳ್ಳೆಯ ಪದ, ಆದರೆ ಅದನ್ನು ಗೋಡೆಗೂ ಕಲ್ಲಿಗೂ ನಡುವೆ ಬಿಡುವ 3 ಮಿ.ಮೀ. ಜಾಗಕ್ಕೆ ಮೀಸಲಿಡಿ. ಎರಡು ಕಲ್ಲು ಕೂಡುವಲ್ಲಿ ‘ಕೂಡುಗೆರೆ’ ಎನ್ನಿ. ಎರಡಕ್ಕೂ ಒಂದೇ ಪದವಿದ್ದರೆ ಅಂಟು ಅದಲುಬದಲಾಗುತ್ತದೆ. ಸಂದಿಗೆ ಸಿಲಿಕೋನ್ ಬೇಕು, ಗೋಡೆ ಅಲುಗಿದರೂ ಅದು ಎಳೆದುಕೊಂಡು ತಾಳುತ್ತದೆ. ಕೂಡುಗೆರೆಗೆ ಕಲ್ಲಿನ ಬಣ್ಣ ಬೆರೆಸಿದ ಎಪಾಕ್ಸಿ ಬೇಕು, ಗಟ್ಟಿಯಾಗಿ ನಿಲ್ಲಬೇಕು, ಅಗಲ 1.5 ಮಿ.ಮೀ. ದಾಟಬಾರದು. ಅಲ್ಲಿ ಸಿಲಿಕೋನ್ ತುಂಬಿದರೆ ಎರಡು ಕಲ್ಲಿನ ಮಟ್ಟ ಮೇಲೆಕೆಳಗಾಗುತ್ತದೆ. ಸಂದಿಗೆ ಎಪಾಕ್ಸಿ ಹಾಕಿದರೆ ಗೋಡೆಯ ಅಲುಗಾಟವೆಲ್ಲ ಕಲ್ಲಿಗೆ ದಾಟುತ್ತದೆ.

‘ಮಸೆಯಿರಿ’ ಖಂಡಿತ ತಪ್ಪು. ಕತ್ತಿ ಮಸೆಯುವುದು ಹರಿತವಾಗಲೆಂದು, ಇಲ್ಲಿ ಬೇಕಾದದ್ದು ಹರಿತ ಹೋಗುವುದು. ‘ತೇಯ್ದು ಗುಂಡಗೆ ಮಾಡಿ’ ಎನ್ನಿ. ಅಲ್ಲಿಂದ ಮುಂದಿನದು ‘ಮೆರುಗು’: 50, 100, 200, 400, 800, 1500, 3000 ನಂಬರಿನ ಡೈಮಂಡ್ ಪ್ಯಾಡುಗಳು ಸಾಲಾಗಿ, ನೀರು ಹರಿಯುತ್ತಿರಬೇಕು. ಪ್ರತಿ ಹಂತದಲ್ಲೂ ಒರೆಸಿ, ಒಣಗಿಸಿ, ಹಿಂದಿನ ಪ್ಯಾಡಿನ ಗೀರು ಪೂರ್ತಿ ಹೋಗಿದೆಯೇ ನೋಡಬೇಕು. 100ರಿಂದ 400ಕ್ಕೆ ಹಾರಿದರೆ ಆಗ ಏನೂ ಕಾಣುವುದಿಲ್ಲ, 3000 ಮುಗಿದು ಬೆಳಕು ಬಿದ್ದಾಗ ಹಳೆಯ ಗೀರುಗಳೆಲ್ಲ ಎದ್ದು ಕಾಣುತ್ತವೆ. ನೀರಿಲ್ಲದೆ ತೇಯ್ದರೆ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನೇ ಕೆಡಿಸುತ್ತದೆ. ಆ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ಮರುಪ್ರಶ್ನೆ

ತುಂಬ ಉಪಕಾರವಾಯಿತು. ಇನ್ನೊಂದು ಉಳಿದಿದೆ: ಸಿಂಕಿನ ಕಂಡಿ ಕೊಯ್ಯುವಾಗ ಬ್ಲೇಡು ಮೂಲೆ ದಾಟಿ ಬೀಳುವ ಗೀರು, ಓವರ್‌ಕಟ್. ಕರಡಿನಲ್ಲಿ ‘ಅತಿ ಕತ್ತರಿಕೆ’ ಎಂದಿದೆ.

ಉತ್ತರ

‘ಮೀರುಕಚ್ಚು’ ಎಂದರೆ ಹೇಗೆ? ಕಚ್ಚು ಎಂದರೆ ಕೊಯ್ದ ಗುರುತು, ಅದು ಮೂಲೆಯನ್ನು ಮೀರಿದೆ. ‘ಅತಿ ಕತ್ತರಿಕೆ’ ಎಂದರೆ ಕೈತಪ್ಪಿ ಹೆಚ್ಚು ಕತ್ತರಿಸಿದಂತಾಗುತ್ತದೆ. ಇದು ಕೈತಪ್ಪಲ್ಲ, ಬ್ಲೇಡು ದುಂಡಗಿರುವುದರ ಫಲ. 20 ಮಿ.ಮೀ. ದಪ್ಪದ ಕಲ್ಲಿನ ತಳ ಮೂಲೆಯವರೆಗೂ ಬಿಟ್ಟುಕೊಳ್ಳಬೇಕಾದರೆ, 100 ಮಿ.ಮೀ. ವ್ಯಾಸದ ಬ್ಲೇಡು ಮೇಲ್ಮೈಯಲ್ಲಿ 40 ಮಿ.ಮೀ. ಮುಂದೆ ಹೋಗಿರುತ್ತದೆ. 350ರ ಬ್ಲೇಡಾದರೆ ಸುಮಾರು 81. ಒಡಕು ಹೊರಡುವುದು ಆ ಕಚ್ಚಿನ ತುದಿಯಿಂದಲೇ.

ಆದ್ದರಿಂದ ಮೊದಲು ನಾಲ್ಕು ಮೂಲೆಯಲ್ಲೂ 20 ಮಿ.ಮೀ.ಗೆ ಕಡಿಮೆಯಿಲ್ಲದ ತೂತು ಕೊರೆಯಬೇಕು. ನಡುವಿನ ನೇರ ಭಾಗವನ್ನು ಬ್ಲೇಡಿನಿಂದ ಕೊಯ್ದು, ಮೇಲಿನ ಕಚ್ಚು ತೂತನ್ನು ದಾಟುವ ಮೊದಲೇ ನಿಲ್ಲಿಸಬೇಕು. ತಳದಲ್ಲಿ ಉಳಿದದ್ದನ್ನು ಚಪ್ಪಡಿ ಮಗುಚಿ ಆ ಕಡೆಯಿಂದ ಕೊಯ್ದು, ಕೊನೆಗೆ ತೇಯ್ದು ತೆಗೆಯಬೇಕು. ಸಿಂಕಿನ ಮುಂದಿನ ಪಟ್ಟಿಯ ಅಡಿಯಲ್ಲಿ ತೋಡು ತೆಗೆದು ಎಪಾಕ್ಸಿಯಲ್ಲಿ ಸರಳು ಕೂರಿಸುವುದಕ್ಕೆ ‘ಸರಳು ತುಂಬುವುದು’ ಎಂದರೆ ಸಾಕು. ಅಲ್ಲಿ ‘ಕಬ್ಬಿಣದ ಸರಳು’ ಎಂದು ಮಾತ್ರ ಬರೆಯಬೇಡಿ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಲ್ಲನ್ನು ಒಳಗಿನಿಂದಲೇ ಒಡೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಫೈಬರ್‌ಗ್ಲಾಸ್ ಎಂದು ಹೆಸರಿಟ್ಟೇ ಬರೆಯಿರಿ.