ಮಾರಾಟಕ್ಕಿಟ್ಟ ಮನೆ ತುಂಬಾ ಸಾಮಾನು, ಎಲ್ಲಿಂದ ಶುರು ಮಾಡಲಿ?

ಹಳೇಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಾರಾಟಕ್ಕಿಟ್ಟು ಕೆಲವು ತಿಂಗಳಾಯಿತು. ನೋಡುವವರು ಬರುತ್ತಾರೆ, ಹಾಲ್‌ನಲ್ಲಿ ನಿಂತು ಒಮ್ಮೆ ಕಣ್ಣಾಡಿಸುತ್ತಾರೆ, ರೂಮುಗಳನ್ನು ಬಾಗಿಲಲ್ಲೇ ನಿಂತು ನೋಡಿ "ತಿಳಿಸ್ತೀವಿ" ಅಂತ ಹೊರಡುತ್ತಾರೆ. ಆಮೇಲೆ ಸುದ್ದಿಯೇ ಇಲ್ಲ. ಬೆಲೆಯನ್ನು ಅಕ್ಕಪಕ್ಕದ ಮನೆಗಳಿಗಿಂತ ಜಾಸ್ತಿ ಇಟ್ಟಿಲ್ಲ. ಏಜೆಂಟ್ ಹೇಳುವುದು ಒಂದೇ ಮಾತು: ಮನೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತಿದೆ, ಸಾಮಾನು ಕಡಿಮೆ ಮಾಡಿ.

ಅದು ನಿಜವೇ. ಅಪ್ಪ ಅಮ್ಮ ಇಲ್ಲೇ ಬದುಕು ಕಟ್ಟಿಕೊಂಡವರು. ಅಪ್ಪ ಈಗ ಇಲ್ಲ, ಆದರೆ ಅವರ ಪುಸ್ತಕ, ಉಪಕರಣ, ಬಟ್ಟೆ ಎಲ್ಲ ಇದ್ದ ಹಾಗೇ ಇವೆ. ಏನನ್ನು ಮುಟ್ಟಿದರೂ ಅಮ್ಮನಿಗೆ ಬೇಜಾರಾಗುತ್ತದೆ. ಅಟ್ಟ ತುಂಬಿದೆ, ಬೀರುಗಳ ಬಾಗಿಲು ಮುಚ್ಚುವುದೇ ಕಷ್ಟ. ಹಿಂದಿನ ರೂಮಿನ ಗೋಡೆಯಲ್ಲಿ ತೇವದ ಕಲೆ ಬೇರೆ ಇದೆ, ಅದರ ಮುಂದೆ ಒಂದು ಕಪಾಟು ಸರಿಸಿಡೋಣ ಅಂತ ಮನೆಯವರು ಹೇಳುತ್ತಿದ್ದಾರೆ. ಯಾರೂ ಬಳಸದ ಬಾತ್‌ರೂಮಿನಲ್ಲಿ ಎಷ್ಟು ತೊಳೆದರೂ ವಾಸನೆ ಬರುತ್ತದೆ.

ಕೈಯಲ್ಲಿ ದುಡ್ಡು ಹೆಚ್ಚಿಲ್ಲ. ಹೊಸ ಸೋಫಾ, ಕರ್ಟನ್ ತಂದರೆ ಉಪಯೋಗವಾಗುತ್ತಾ? ಇಲ್ಲ ಎಲ್ಲ ಸಾಮಾನು ಸಾಗಿಸಿ ಮನೆ ಪೂರ್ತಿ ಖಾಲಿ ಮಾಡಿಬಿಡಲಾ? ಈ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಬೆಳಕಿಂಡಿ:
ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮೊದಲು ಹೊರಗೆ ಹೋಗಬೇಕಾದದ್ದು ಹೋಗಲಿ, ಏನು ಬೇಕು ಅನ್ನುವುದು ಆಮೇಲೆ ತಾನಾಗಿಯೇ ಕಾಣುತ್ತದೆ. ಹೆಚ್ಚಿನ ಮನೆಗಳಿಗೆ ಹೊಸದೇನೂ ಬೇಕಾಗುವುದಿಲ್ಲ.

ಪೂರ್ತಿ ಖಾಲಿ ಮಾಡುವುದೂ ಬೇಡ. ಖಾಲಿ ರೂಮಿನ ಅಳತೆ ಕಣ್ಣಿಗೆ ಸಿಗುವುದಿಲ್ಲ. ಇಲ್ಲಿ ದೊಡ್ಡ ಮಂಚ ಹಿಡಿಯುತ್ತಾ, ಪಕ್ಕದಲ್ಲಿ ನಡೆಯಲು ಜಾಗ ಉಳಿಯುತ್ತಾ ಅಂತ ನೋಡುವವರಿಗೆ ಅಂದಾಜಾಗದೆ ರೂಮು ಇನ್ನೂ ಚಿಕ್ಕದು ಅನಿಸಿಬಿಡುತ್ತದೆ, ಜೊತೆಗೆ ಗೋಡೆಯ ಪ್ರತಿ ಗೀರೂ ಎದ್ದು ಕಾಣುತ್ತದೆ. ಮಂಚ, ಒಂದು ಮೇಜು, ಕೂರಲು ಒಂದೆರಡು ಆಸನ ಇರಲಿ. ರೂಮು ಯಾವುದಕ್ಕೆ ಅಂತ ನೋಡಿದ ತಕ್ಷಣ ಗೊತ್ತಾಗಬೇಕು, ಅಷ್ಟೇ. ಇಸ್ತ್ರಿ ಮೇಜು, ಕಂಪ್ಯೂಟರ್, ಹಳೇ ಸೈಕಲ್, ಮಡಚಿಟ್ಟ ಹಾಸಿಗೆ ಎಲ್ಲ ಒಂದೇ ಕಡೆ ಇದ್ದರೆ ಅದು ಮಲಗುವ ರೂಮು ಅಂತ ಯಾರಿಗೂ ಅನಿಸುವುದಿಲ್ಲ.

ನಾನು ಮೊದಲು ನೋಡುವುದು ನೆಲವನ್ನು. ನೆಲ ಎಷ್ಟು ಕಾಣುತ್ತದೋ ರೂಮು ಅಷ್ಟು ದೊಡ್ಡದು ಅನಿಸುತ್ತದೆ. ಜನ ಓಡಾಡುವ ದಾರಿಯಲ್ಲಿ 75ರಿಂದ 90 ಸೆಂಟಿಮೀಟರ್ ಜಾಗ ಬಿಡಿ. ಪ್ರತಿ ಬಾಗಿಲೂ ಪೂರ್ತಿ ತೆರೆಯಬೇಕು. ಬಾಗಿಲ ಹಿಂದೆ ಬಟ್ಟೆ ನೇತುಹಾಕಿ, ಚೀಲ ಇಟ್ಟು ಅದು ಅರ್ಧಕ್ಕೇ ನಿಂತರೆ, ಒಳಗೆ ಕಾಲಿಡುವಾಗಲೇ ಇಕ್ಕಟ್ಟು ಅನ್ನುವ ಭಾವನೆ ಬಂದುಬಿಡುತ್ತದೆ. ಕಿಟಕಿಗೆ ಅಡ್ಡ ಇರುವ ಎತ್ತರದ ಸಾಮಾನನ್ನು ಮೊದಲು ತೆಗೆಯಿರಿ.

ಬೀರು, ಗೋಡೆ ಕಪಾಟುಗಳನ್ನು ಬಂದವರು ತೆರೆದು ನೋಡುತ್ತಾರೆ. ಮನೆಯ ಜೊತೆಗೇ ಬರುವ ಕಪಾಟುಗಳನ್ನಂತೂ ಖಂಡಿತ ನೋಡುತ್ತಾರೆ, ಅದು ಅವರ ಹಕ್ಕು ಕೂಡ. ತುಂಬಿ ತುಳುಕುವ ಕಪಾಟು ಕಂಡರೆ ಈ ಮನೆಯಲ್ಲಿ ಜಾಗ ಸಾಲದು ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ಮೂರರಲ್ಲಿ ಒಂದು ಭಾಗವಾದರೂ ಖಾಲಿ ಬಿಡಿ. ಹಾಗಂತ ಹೊರಗಿನದನ್ನೆಲ್ಲ ಬೀರುವಿಗೆ ತುರುಕಬೇಡಿ. ಅದು ಮನೆಯಿಂದ ಆಚೆಗೇ ಹೋಗಬೇಕು. ನೆಂಟರ ಮನೆಯಲ್ಲೋ ಬಾಡಿಗೆ ಗೋದಾಮಿನಲ್ಲೋ ಸ್ವಲ್ಪ ದಿನ ಇಡಿ.

ಬಣ್ಣದಕೆಲಸ:
ಆ ಗೋಡೆಯ ಮುಂದೆ ಕಪಾಟು ಇಡಬೇಡಿ, ದಯವಿಟ್ಟು. ನಾನು ಬಣ್ಣದ ಕೆಲಸದವನು. ಇಂಥದ್ದು ಮುಚ್ಚಿಟ್ಟ ಕಡೆ ಏನಾಗುತ್ತದೆ ಅಂತ ನೋಡಿದ್ದೇನೆ. ಗಾಳಿ ಆಡದೆ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ, ಕೊಳ್ಳುವವರು ಒಬ್ಬ ಇಂಜಿನಿಯರನ್ನು ಕರೆತಂದರೆ ಅವರು ಮೊದಲು ಸರಿಸುವುದೇ ಆ ಕಪಾಟನ್ನು. ಅಲ್ಲಿಂದಾಚೆ ನಿಮ್ಮ ಮನೆಯ ಬಗ್ಗೆ ನೀವು ಏನು ಹೇಳಿದರೂ ಅವರಿಗೆ ಅನುಮಾನವೇ. ಗೊತ್ತಿದ್ದೂ ದೋಷ ಮುಚ್ಚಿಟ್ಟರೆ ಮುಂದೆ ಕಾನೂನಿನ ತೊಂದರೆಯೂ ಬರಬಹುದು.

ತೇವ ಎಲ್ಲಿಂದ ಬರುತ್ತಿದೆ ಅಂತ ಮೊದಲು ಪತ್ತೆ ಮಾಡಿ. ಒಂದು ಸುಲಭ ಪರೀಕ್ಷೆ ಇದೆ. ಗೋಡೆಯ ಮೇಲ್ಮೈ ಒರೆಸಿ ಒಣಗಿಸಿ, ಒಂದು ಚದರ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, 24ರಿಂದ 48 ಗಂಟೆ ಬಿಡಿ. ಹಾಳೆಯ ಹೊರಮೈ ಮೇಲೆ ಹನಿ ಕಂಡರೆ ರೂಮಿನ ಗಾಳಿಯ ತೇವ ತಣ್ಣನೆಯ ಗೋಡೆಗೆ ಕೂರುತ್ತಿದೆ ಅಂತ, ಕಿಟಕಿ ತೆರೆದು ಗಾಳಿಯಾಡಿಸಿದರೆ ಬಹುಪಾಲು ಸರಿಹೋಗುತ್ತದೆ. ಹಾಳೆಯ ಹಿಂದೆ, ಗೋಡೆಯ ಕಡೆ ಒದ್ದೆ ಇದ್ದರೆ ನೀರು ಗೋಡೆಯೊಳಗೇ ಇದೆ. ಪೈಪ್, ಚಾವಣಿ, ಹೊರಗೋಡೆಯ ಬಿರುಕು, ಕೆಳಗಿನ ಮಣ್ಣು, ಇವುಗಳಲ್ಲಿ ಯಾವುದು ಅಂತ ಹುಡುಕಬೇಕು.

ಕಾರಣ ಸರಿಪಡಿಸದೆ ಮೇಲೆ ಬಣ್ಣ ಬಳಿದರೆ ಹಣ ದಂಡ. ಒದ್ದೆ ಗೋಡೆಯ ಮೇಲೆ ಬಣ್ಣ ಗುಳ್ಳೆ ಎದ್ದು ಸಿಪ್ಪೆಯಾಗಿ ಬೀಳುತ್ತದೆ. ಬಿಳಿ ಪುಡಿ ಥರ ಉಪ್ಪು ಬಂದಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೆ ಇಳಿಯುತ್ತದೆ. ಗೋಡೆ ಚೆನ್ನಾಗಿ ಒಣಗಲಿ, ಅದಕ್ಕೆ ವಾರಗಟ್ಟಲೆ ಬೇಕಾಗಬಹುದು. ಆಮೇಲೆ ಕಲೆ ತಡೆಯುವ ಪ್ರೈಮರ್ ಹೊಡೆದು ಬಣ್ಣ ಹಚ್ಚಿ. ಪ್ರೈಮರ್ ಇಲ್ಲದಿದ್ದರೆ ಹಳದಿ ಕಲೆ ಎಷ್ಟು ಕೋಟ್ ಕೊಟ್ಟರೂ ಮತ್ತೆ ಮೇಲೆ ಬರುತ್ತದೆ. ರಿಪೇರಿಯ ಬಿಲ್ಲು, ಮುಂಚಿನ ಫೋಟೋ ಇಟ್ಟುಕೊಂಡಿರಿ. ಬಂದವರಿಗೆ ನೀವೇ ಹೇಳಿ, ಇಲ್ಲಿ ಸೋರಿಕೆ ಇತ್ತು, ಹೀಗೆ ಸರಿಮಾಡಿಸಿದ್ದೇವೆ ಅಂತ.

ಬಾತ್‌ರೂಮಿನ ವಾಸನೆಗೆ ಕಾರಣ ಬಹುಶಃ ಸಣ್ಣದು. ನೆಲದ ಜಾಲರಿಯ ಕೆಳಗೆ, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ನಿಂತಿರಬೇಕು, ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರೇ. ಬಳಸದ ಬಾತ್‌ರೂಮಿನಲ್ಲಿ ಅದು ಆರಿಹೋಗುತ್ತದೆ. ಎಲ್ಲ ಜಾಲರಿಗಳಿಗೂ, ಸಿಂಕಿಗೂ ಒಂದೊಂದು ಮಗ್ ನೀರು ಹಾಕಿ, ಫ್ಲಶ್ ಮಾಡಿ. ವಾರಕ್ಕೊಮ್ಮೆ ಹಾಕುತ್ತಿರಿ.

ಹಳೇಮನೆ:
ಅಣ್ಣಾ, ತುಂಬಾ ಧನ್ಯವಾದ. ನೀರು ಹಾಕಿ ನೋಡಿದೆ, ವಾಸನೆ ನಿಜವಾಗಿಯೂ ಕಡಿಮೆಯಾಗಿದೆ! ಹಾಳೆಯನ್ನು ಇವತ್ತೇ ಅಂಟಿಸುತ್ತೇನೆ. ಕಪಾಟಿನ ಯೋಚನೆ ಬಿಟ್ಟೆವು. ಈಗ ನನ್ನ ದೊಡ್ಡ ಚಿಂತೆ ಅಮ್ಮ. ಅವರ ಮನಸ್ಸು ನೋಯಿಸಿ ಈ ಕೆಲಸ ಮಾಡಲು ನನಗೆ ಇಷ್ಟವಿಲ್ಲ.

ತಂಗಾಳಿ:
ಅಮ್ಮನ ಬಗ್ಗೆ ನೀವು ಹೀಗೆ ಯೋಚಿಸುತ್ತಿರುವುದು ಓದಿ ಸಂತೋಷವಾಯಿತು. ನಮ್ಮ ಮನೆಯಲ್ಲೂ ಇದೇ ಸ್ಥಿತಿ ಇತ್ತು, ಅದಕ್ಕೇ ಬರೆಯುತ್ತಿದ್ದೇನೆ.

"ಎಸೆಯೋಣ" ಅನ್ನುವ ಮಾತನ್ನೇ ಎತ್ತಬೇಡಿ. "ಹೊಸ ಮನೆಗೆ ಏನೇನು ತಗೊಂಡು ಹೋಗೋಣ ಅಮ್ಮ?" ಅಂತ ಕೇಳಿ. ಹೇಗೂ ಒಂದು ದಿನ ಎಲ್ಲವನ್ನೂ ಕಟ್ಟಲೇಬೇಕಲ್ವಾ, ಅದನ್ನೇ ಈಗ ಶುರು ಮಾಡಿ. ಅವರು ಮೊದಲು ಆರಿಸಿಕೊಳ್ಳಲಿ. ಬೇಕಾದದ್ದು ಪೆಟ್ಟಿಗೆ ಸೇರಿ, ಮೇಲೆ ಹೆಸರು ಬರೆದು, ಭದ್ರವಾಗಿದೆ ಅಂತ ಕಣ್ಣಿಗೆ ಕಂಡರೆ ಉಳಿದದ್ದನ್ನು ಬಿಡಲು ಮನಸ್ಸು ಒಪ್ಪುತ್ತದೆ. ನಮ್ಮಲ್ಲಿ ಹಾಗೇ ಆಯಿತು.

ಫೋಟೋ, ಪತ್ರ, ಅಪ್ಪನ ಬಟ್ಟೆಯಿಂದ ಶುರು ಮಾಡಲೇಬೇಡಿ. ಅವು ಕೊನೆಗೆ ಇರಲಿ. ಬಾತ್‌ರೂಮಿನ ಹಳೇ ಬಾಟಲಿ, ಅವಧಿ ಮುಗಿದ ಔಷಧಿ, ಮುಚ್ಚಳ ಕಳೆದ ಡಬ್ಬಿ, ಕೆಟ್ಟ ಚಾರ್ಜರ್, ಹಳೇ ಪತ್ರಿಕೆ, ಇವುಗಳಿಗೆ ಯಾರೂ ಅಳುವುದಿಲ್ಲ. ಇದನ್ನೆಲ್ಲ ಮಾಡುತ್ತಾ ಕೈ ಪಳಗುತ್ತದೆ, ಜಾಗ ಖಾಲಿಯಾಗುವುದು ಕಾಣುತ್ತದೆ. ಒಂದು ಸಲಕ್ಕೆ ಒಂದು ಡ್ರಾಯರ್ ಸಾಕು, ಅದನ್ನು ಪೂರ್ತಿ ಮುಗಿಸಿ. ಇಡೀ ಅಟ್ಟವನ್ನು ಒಮ್ಮೆಗೇ ಹಾಲ್‌ಗೆ ಇಳಿಸಿದರೆ ರಾತ್ರಿ ಎಲ್ಲರಿಗೂ ಸುಸ್ತು, ಎಲ್ಲವೂ ಮತ್ತೆ ಮೇಲಕ್ಕೇ ಹೋಗುತ್ತದೆ.

ತೀರ್ಮಾನ ಆಗದ್ದಕ್ಕೆ ಒಂದು ಪೆಟ್ಟಿಗೆ ಇಡಿ, ಮೇಲೆ ತಾರೀಖು ಬರೆಯಿರಿ. ಒತ್ತಾಯ ಬೇಡ. ಅಪ್ಪನ ಉಪಕರಣಗಳನ್ನು ಬಳಸುವವರು ಯಾರಾದರೂ ಗೊತ್ತಿದ್ದರೆ ಅಮ್ಮನ ಕೈಯಿಂದಲೇ ಕೊಡಿಸಿ. ಯಾರಿಗೆ ಹೋಯಿತು ಅಂತ ಗೊತ್ತಿದ್ದರೆ ದುಃಖ ಎಷ್ಟೋ ಕಡಿಮೆ.

ಒಂದು ಎಚ್ಚರಿಕೆ. ಹಳೇ ಕಾಗದಗಳ ಕಟ್ಟನ್ನು ನೋಡದೆ ಗುಜರಿಗೆ ಹಾಕಬೇಡಿ. ಮನೆ ಪತ್ರ, ತೆರಿಗೆ ರಸೀದಿ, ನಕ್ಷೆ, ರಿಪೇರಿ ಬಿಲ್ಲು ಪುಸ್ತಕಗಳ ಮಧ್ಯೆ ಇರಬಹುದು, ಮಾರಾಟಕ್ಕೆ ಅವೇ ಬೇಕು. ಹಳೇ ಫೋನು, ಲ್ಯಾಪ್‌ಟಾಪ್ ಕೊಡುವ ಮುಂಚೆ ಒಳಗಿನದನ್ನು ಅಳಿಸಿ.

ತಿರುಗಾಟ:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಚೊಕ್ಕ ಮಾಡುವುದು ಸರಿ, ಆದರೆ ಇದನ್ನೇ ಪೂರ್ತಿ ನಂಬಿ ಕೂರಬೇಡಿ. ಕೆಡವಿ ಹೊಸದಾಗಿ ಕಟ್ಟುವ ಯೋಚನೆ ಇರುವವರು ನಿಮ್ಮ ಸೋಫಾ ಎಲ್ಲಿದೆ ಅಂತ ನೋಡುವುದಿಲ್ಲ, ಅವರಿಗೆ ಬೇಕಾದದ್ದು ಜಾಗ ಮತ್ತು ಕಾಗದಪತ್ರ. ಬಂದು ಹೋದವರನ್ನು ಏಜೆಂಟ್ ಮೂಲಕ ನೇರವಾಗಿ ಕೇಳಿಸಿ, ಯಾವುದು ಹಿಡಿಸಲಿಲ್ಲ ಅಂತ. ಬಹಳ ಜನ ಒಂದೇ ಕಾರಣ ಹೇಳಿದರೆ ಅದೇ ಮೊದಲ ಕೆಲಸ. ಅಡುಗೆಮನೆ ಕೆಡವಿ ಹೊಸದು ಮಾಡಿಸುವಂಥ ದೊಡ್ಡ ಖರ್ಚಿಗೆ ಈಗ ಹೋಗಬೇಡಿ. ಹಾಕಿದ ಹಣ ಬೆಲೆಯಲ್ಲಿ ವಾಪಸ್ ಬರುತ್ತದೆ ಅನ್ನುವ ಭರವಸೆ ಇಲ್ಲ, ಕೊಳ್ಳುವವರ ರುಚಿ ಬೇರೆಯೇ ಇರುತ್ತದೆ.

ಬೆಳಕಿಂಡಿ:
ತಿರುಗಾಟ ಅವರ ಮಾತು ಒಪ್ಪುತ್ತೇನೆ. ಆದರೆ ವಾಸಕ್ಕೆ ಮನೆ ಹುಡುಕುವವರು ಮೊದಲು ನೋಡುವುದು ಮೊಬೈಲಿನಲ್ಲಿ ಫೋಟೋ. ಅಲ್ಲೇ ಬೇಡ ಅನಿಸಿದರೆ ಅವರು ಬರುವುದೇ ಇಲ್ಲ. ಹಾಗಾಗಿ ಸಾಮಾನು ಕಡಿಮೆಯಾದ ಮೇಲೆ ಹಳೇ ಫೋಟೋ ತೆಗೆಸಿ ಹೊಸದು ಹಾಕಿಸಿ.

ಹಗಲಲ್ಲೇ ತೆಗೆಯಿರಿ, ಕರ್ಟನ್ ಸರಿಸಿ. ಫೋನನ್ನು ಅಡ್ಡ ಹಿಡಿದು ಎದೆಯ ಎತ್ತರದಲ್ಲಿ ಇಟ್ಟುಕೊಳ್ಳಿ, ಮೂಲೆಯಿಂದಲೋ ಬಾಗಿಲಿನಿಂದಲೋ ತೆಗೆಯಿರಿ. ಫೋನು ಮೇಲಕ್ಕೋ ಕೆಳಕ್ಕೋ ವಾಲಿದರೆ ಗೋಡೆಗಳು ಬೀಳುವ ಹಾಗೆ ಕಾಣುತ್ತವೆ. ತೀರಾ ಅಗಲದ ಲೆನ್ಸ್ ಬೇಡ, ರೂಮು ಎಳೆದಂತೆ ಕಾಣುತ್ತದೆ, ಬಂದವರಿಗೆ ಇಷ್ಟೇನಾ ಅನಿಸುತ್ತದೆ. ಒಂದೇ ರೂಮಿನಲ್ಲಿ ಒಂದು ಹಳದಿ ಬಲ್ಬು, ಒಂದು ನೀಲಿಛಾಯೆಯ ಬಿಳಿ ಬಲ್ಬು ಇದ್ದರೆ ಗೋಡೆಯ ಬಣ್ಣವೇ ಕೊಳಕಾಗಿ ಕಾಣುತ್ತದೆ. ಡಬ್ಬದ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ, ಒಂದು ರೂಮಿಗೆಲ್ಲ ಒಂದೇ ಸಂಖ್ಯೆಯದು ಹಾಕಿ. 2700ರಿಂದ 3000 ಬೆಚ್ಚಗಿನ ಬೆಳಕು, 4000 ಹೆಚ್ಚುಕಡಿಮೆ ತಟಸ್ಥ. ನೀವು ದುಡ್ಡು ಹಾಕಬೇಕಾದದ್ದು ಇಂಥ ಕಡೆ: ಬಲ್ಬು, ತೊಟ್ಟಿಕ್ಕುವ ನಲ್ಲಿ, ಕಿರುಗುಟ್ಟುವ ಬಾಗಿಲ ಕೀಲು, ಒಡೆದ ಸ್ವಿಚ್ ಬೋರ್ಡ್.

ಗೋಡೆಯ ಕುಟುಂಬದ ಫೋಟೋ, ಮಕ್ಕಳ ಸರ್ಟಿಫಿಕೇಟ್, ಮೇಜಿನ ಮೇಲಿನ ಬ್ಯಾಂಕ್ ಕಾಗದ ಚಿತ್ರದಲ್ಲಿ ಬರದಿರಲಿ. ಅಂದಕ್ಕಿಂತ ಹೆಚ್ಚಾಗಿ ಇದು ನಿಮ್ಮ ಸುರಕ್ಷತೆಯ ವಿಷಯ. ಫೋಟೋದಲ್ಲಿ ಗೋಡೆಯ ಬಿರುಕನ್ನು ಅಳಿಸಿಬಿಡುವುದೂ ಬೇಡ.

ಹಾಂ, ವಾಸನೆ ಬಗ್ಗೆ ಇನ್ನೊಂದು. ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ರೂಢಿಯಾಗಿಬಿಟ್ಟಿರುತ್ತದೆ. ಹೊರಗಿನವರೊಬ್ಬರನ್ನು ಕರೆದು ನಿಜ ಹೇಳಲು ಕೇಳಿಕೊಳ್ಳಿ. ಘಾಟು ಸುಗಂಧ ಹೊಡೆಯಬೇಡಿ, ಏನನ್ನೋ ಮುಚ್ಚುತ್ತಿದ್ದಾರೆ ಅನಿಸುತ್ತದೆ. ಕರ್ಟನ್, ದಿಂಬಿನ ಕವರ್ ಒಗೆದು ಕಿಟಕಿ ತೆರೆದಿಟ್ಟರೆ ಸಾಕು.

ಹಳೇಮನೆ:
ಎಲ್ಲರಿಗೂ ಧನ್ಯವಾದ. ಹಾಳೆಯ ಹಿಂದೆ, ಗೋಡೆಯ ಕಡೆಯೇ ಒದ್ದೆ ಬಂದಿದೆ. ಗೋಡೆಯ ಆಚೆ ಬದಿಯಲ್ಲೇ ಬಾತ್‌ರೂಮಿನ ಪೈಪ್ ಹೋಗಿದೆ, ಪ್ಲಂಬರ್‌ಗೆ ಹೇಳಿದ್ದೇನೆ. "ಏನು ತಗೊಂಡು ಹೋಗೋಣ" ಅಂತ ಕೇಳಿದ್ದಕ್ಕೆ ಅಮ್ಮ ತಾವೇ ಬೀರು ತೆಗೆದು ಕೂತರು. ಎರಡು ಡ್ರಾಯರ್ ಮುಗಿದಿವೆ. ಗೋಡೆ ಒಣಗುವವರೆಗೆ ಮನೆ ತೋರಿಸುವುದನ್ನು ನಿಲ್ಲಿಸಬೇಕಾ, ಅದೊಂದು ಹೇಳಿ.

ಬಣ್ಣದಕೆಲಸ:
ನಿಲ್ಲಿಸಬೇಕಿಲ್ಲ. ಪೈಪ್ ರಿಪೇರಿ ಆದ ಮೇಲೆ ತೋರಿಸಿ, ಗೋಡೆ ಒಣಗುತ್ತಿದೆ ಅಂತ ಹೇಳಿ, ಪ್ಲಂಬರ್ ಬಿಲ್ಲು ಕೈಯಲ್ಲಿರಲಿ. ಹೊಸ ಫೋಟೋಗಳನ್ನು ಮಾತ್ರ ಬಣ್ಣ ಆದ ಮೇಲೆ ತೆಗೆಯಿರಿ.