ಎರಡು ಗಲ್ಲಿ ನಡುವಿನ ಗೋಡೆಗೆ ಬಣ್ಣ ಹಚ್ಚಿದರೆ ಜಗಳ ನಿಲ್ಲುತ್ತಾ?

ಶಹಾಪುರದ ಮಗ
ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ನಮ್ಮ ಗಲ್ಲಿಗೂ ಪಕ್ಕದ ಗಲ್ಲಿಗೂ ನಡುವೆ ಒಂದು ಹಳೇ ಕಂಪೌಂಡ್ ಗೋಡೆ ಇದೆ. 60 ಅಡಿ ಉದ್ದ, 7 ಅಡಿ ಎತ್ತರ. ಹೋದ ವರ್ಷ ಗಣಪತಿ ಹಬ್ಬದಲ್ಲಿ ಈ ಗೋಡೆ ಮೇಲೆ ಕಟ್ಟಿದ್ದ ಫ್ಲೆಕ್ಸ್ ಹರಿದಿತ್ತು. ಹರಿದದ್ದು ಗಾಳಿಯೋ ಮನುಷ್ಯನೋ ಇವತ್ತಿಗೂ ಗೊತ್ತಿಲ್ಲ. ಆದರೆ ರಾತ್ರಿ ಎರಡೂ ಕಡೆಯಿಂದ ಕಲ್ಲು ಬಿದ್ದವು. ನಾಲ್ಕು ಹುಡುಗರ ಮೇಲೆ ಕೇಸ್ ಆಯಿತು. ಅವರಲ್ಲಿ ಒಬ್ಬ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದ. ಈಗ ಪುಸ್ತಕ ಮುಚ್ಚಿಟ್ಟು ಮನೆಯಲ್ಲಿ ಕೂತಿದ್ದಾನೆ.

ನಾವು ಆರೇಳು ಜನ ಸೇರಿ, ಎರಡೂ ಗಲ್ಲಿಯ ಹುಡುಗರಿಂದಲೇ ಆ ಗೋಡೆಗೆ ದೊಡ್ಡ ಚಿತ್ರ ಬರೆಸೋಣ ಅಂತ ಮಾಡಿದ್ದೇವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಇಂಥದ್ದೇ ಕೆಲಸ ಶುರುವಾಯಿತು. ಗೋಡೆ ಮೇಲೆ ಗೀಚಿ ಸಿಕ್ಕಿಬೀಳುತ್ತಿದ್ದ ಹುಡುಗರ ಕೈಗೆ ಬ್ರಷ್ ಕೊಟ್ಟರು. ಅಲ್ಲಿಂದ ಈಚೆಗೆ ಆ ಊರಲ್ಲಿ 4,000ಕ್ಕೂ ಜಾಸ್ತಿ ಗೋಡೆಚಿತ್ರ ಆಗಿವೆ. ಈ ಗಣಪತಿ ಬರುವಷ್ಟರಲ್ಲಿ ಮುಗಿಸಬೇಕು ಅಂತ ಆಸೆ. ಏನಂತೀರಿ?

ಖಡಕ್ ಮಾತು
ತಮ್ಮಾ, ಬೇಜಾರಾಗಬೇಡ. ಚಿತ್ರ ಏನಿರುತ್ತೆ ಅಂತ ನಾನೇ ಹೇಳ್ತೀನಿ. ಒಂದು ಪಾರಿವಾಳ, ಕೈಕುಲುಕುವ ಎರಡು ಕೈ, ಗುಡಿ, ಮಸೀದಿ, ಚರ್ಚು, ಕೆಳಗೆ 'ನಾವೆಲ್ಲ ಒಂದೇ'. ಉದ್ಘಾಟನೆಗೆ ಸಾಹೇಬರು, ಶಾಲು, ಹಾರ, ಮರುದಿನ ಪೇಪರಲ್ಲಿ ಫೋಟೊ. ಮುಂದಿನ ವರ್ಷ ಅದೇ ಗೋಡೆಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್.

ನೀನು ಫಿಲಡೆಲ್ಫಿಯಾ ಹೇಳಿದೆ, ನಾನು ಬೆಲ್‌ಫಾಸ್ಟ್ ಹೇಳ್ತೀನಿ. ಉತ್ತರ ಐರ್ಲೆಂಡ್‌ನಲ್ಲಿ ಗೋಡೆ ತುಂಬಾ ಮುಸುಕು ಹಾಕಿದ ಬಂದೂಕಿನವರ ಚಿತ್ರಗಳಿದ್ದವು. ಅವನ್ನು ಅಳಿಸಿ ಬೇರೆ ಚಿತ್ರ ಬರೆಸಲು 2006ರಲ್ಲಿ ದುಡ್ಡು ಕೊಡುವ ಯೋಜನೆಯೇ ಬಂತು. ಚಿತ್ರಗಳು ಬದಲಾದವು, ಸರಿ. ಆದರೆ ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಪಂಗಡಗಳನ್ನು ಬೇರೆ ಇಡಲು 1969ರಿಂದ ಎದ್ದ ಗೋಡೆಗಳು ಎಷ್ಟೋ ಇನ್ನೂ ನಿಂತಿವೆ. ಕೆಲವು ಕಡೆ ರಾತ್ರಿಯಾದರೆ ಗೇಟ್ ಹಾಕುತ್ತಾರೆ. ಬಣ್ಣದಿಂದ ಆಗಿದ್ದೇನು?

ನಾಟಕದ ಅಕ್ಕ
ಖಡಕ್ ಮಾತು ಅವರೇ, ಉತ್ತರ ಐರ್ಲೆಂಡ್ ಅಂದ ಮೇಲೆ ಡೆರ್ರಿಯದನ್ನೂ ಹೇಳಬೇಕಲ್ವಾ? 1971ರಲ್ಲಿ ಶಾಲೆಯ ಯೂನಿಫಾರ್ಮ್‌ನಲ್ಲೇ ಗುಂಡಿಗೆ ಬಲಿಯಾದ 14 ವರ್ಷದ ಹುಡುಗಿಯ ಚಿತ್ರ ಅಲ್ಲಿ ಒಂದು ಮನೆಯ ಗೋಡೆ ಮೇಲಿದೆ. ಪಕ್ಕದಲ್ಲಿ ಒಂದು ಬಂದೂಕು, ತಲೆ ಮೇಲೆ ಒಂದು ಚಿಟ್ಟೆ. ಮೊದಲು ಬರೆದಾಗ ಬಂದೂಕು ಇಡೀ ಇತ್ತು, ಚಿಟ್ಟೆಗೆ ಬಣ್ಣ ಇರಲಿಲ್ಲ. ಶಾಂತಿ ನಿಜಕ್ಕೂ ನಿಲ್ಲುತ್ತೆ ಅಂತ ನಂಬಿಕೆ ಬಂದ ಮೇಲೆ, 2006ರಲ್ಲಿ, ಅದೇ ಕಲಾವಿದರು ಬಂದೂಕನ್ನು ಮುರಿದಂತೆ ತಿದ್ದಿ ಚಿಟ್ಟೆಗೆ ಬಣ್ಣ ತುಂಬಿದರು. ಅಲ್ಲಿಯವರೆಗೆ ಅರ್ಧಕ್ಕೇ ಬಿಟ್ಟಿದ್ದರು. ಶಾಂತಿ ಬಂತು ಅಂತ ಸುಳ್ಳು ಬರೆಯಲಿಲ್ಲ. ನನಗೆ ಅದು ಇಷ್ಟ.

ಬೋರ್ಡ್ ಪೇಂಟರ್ ಕಾಕಾ
ಫ್ಲೆಕ್ಸ್ ಬರುವ ಮುಂಚೆ ಬೋರ್ಡ್ ಬರೆದು ಹೊಟ್ಟೆ ಹೊರೆದವನು ನಾನು. ಅಂಗಡಿ ಬೋರ್ಡು, ಲಾರಿ ಹಿಂದಿನ ಹೆಸರು, ನಾಟಕ ಕಂಪನಿ ಪರದೆ, ಚುನಾವಣೆ ಗೋಡೆ, ಎಲ್ಲ ಮಾಡಿದ್ದೇನೆ. ಶಾಂತಿ ವಿಷಯ ದೊಡ್ಡವರು ಮಾತಾಡಿ. ನಾನು ಗೋಡೆ ವಿಷಯ ಹೇಳ್ತೀನಿ.

ನಮ್ಮ ಬೆಳಗಾವಿ ಮಳೆ ಗೊತ್ತಲ್ಲ. ಹಳೇ ಸುಣ್ಣದ ಮೇಲೆ ಸೀದಾ ಬಣ್ಣ ಬಳಿದರೆ ಒಂದೇ ಆಷಾಢಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಮೊದಲು ಹಳೇ ಬಣ್ಣ ಕೆರೆಯಬೇಕು. ತಂತಿ ಬ್ರಷ್ ಹಾಕಿ ಪಾಚಿ ತೆಗೆಯಬೇಕು. ತೊಳೆದು ಒಣಗಿಸಬೇಕು. ಬಿರುಕಿಗೆ ಪುಟ್ಟಿ, ಆಮೇಲೆ ಪ್ರೈಮರ್. ಚಿತ್ರ ಬರೆಯೋದಕ್ಕಿಂತ ಈ ಕೆಲಸವೇ ಜಾಸ್ತಿ, ಮತ್ತೆ ಇದಕ್ಕೆ ಯಾರೂ ಫೋಟೊ ತೆಗೆಯಲ್ಲ.

ಆಮೇಲೆ ಚೌಕ ಹಾಕೋದು. ಹಾಳೆಯ ಮೇಲಿನ ಚಿತ್ರಕ್ಕೆ ಎಷ್ಟು ಚೌಕವೋ ಗೋಡೆಗೂ ಅಷ್ಟೇ ಚೌಕ. ಚಾಕ್ ಪುಡಿ ಹಚ್ಚಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿಯಾಗಿ ಹಿಡಿಯಬೇಕು. ಮೂರನೆಯವನು ನಡುವೆ ಎಳೆದು ಟಪ್ ಅಂತ ಬಿಡಬೇಕು. ಆಗ ಗೆರೆ ಬೀಳುತ್ತೆ. ಒಬ್ಬ ಸಡಿಲ ಬಿಟ್ಟರೂ ಗೆರೆ ಸೊಟ್ಟ, ಎಲ್ಲರಿಗೂ ಬೈಗುಳ ನನ್ನಿಂದ. ದಾರ ಹಿಡಿದವನ ಜಾತಿ ಯಾವುದು ಅಂತ ಕೇಳೋಕೆ ಆಗ ಯಾರಿಗೂ ಪುರುಸೊತ್ತು ಇರಲ್ಲ.

ಇನ್ನೊಂದು ಮಾತು. ಫ್ಲೆಕ್ಸ್ ಆದರೆ ರಾತ್ರಿ ಫೋಟೊ ಕಳಿಸಿದರೆ ಬೆಳಿಗ್ಗೆ ಕಂಬದ ಮೇಲೆ. ಯಾರೂ ಯೋಚನೆ ಮಾಡಲ್ಲ. ನಾವು ಕೈಯಿಂದ ಬರೆಯುವಾಗ ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. 'ಕಾಕಾ, ಈ ಶಬ್ದ ಬೇಡ, ಅವರಿಗೆ ನೋವಾಗುತ್ತೆ' ಅಂತ ಹೇಳುವವರು ಇದ್ದರು. ಅರ್ಧ ಬರೆದದ್ದು ಅಳಿಸಿದ್ದೂ ಉಂಟು.

ಗುಮ್ಮಟ ನಗರಿ
ವಿಜಯಪುರದಿಂದ. ಕಾಕಾ ಅವರ ಕೊನೆಯ ಮಾತಿಗೆ ನನ್ನ ಓಟು. ನಮ್ಮೂರಲ್ಲಿ ಸೌಹಾರ್ದ ಅಂದ ತಕ್ಷಣ ಎಲ್ಲರೂ ಇಬ್ರಾಹಿಂ ಆದಿಲ್‌ಶಾಹನನ್ನು ಎಳೆದು ತರುತ್ತಾರೆ. ಸರಸ್ವತಿಯನ್ನು ಹೊಗಳಿ ಹಾಡು ಕಟ್ಟಿದ, ಜಗದ್ಗುರು ಅನ್ನಿಸಿಕೊಂಡ. ನಿಜವೇ. ಆದರೆ 1627ರಲ್ಲಿ ತೀರಿಕೊಂಡ ಸುಲ್ತಾನನಿಂದ 19 ವರ್ಷದ ಹುಡುಗ ಇವತ್ತು ಸಂಜೆ ಏನು ಮಾಡಬೇಕು ಅಂತ ಗೊತ್ತಾಗಲ್ಲ. ವೇದಿಕೆ ಮೇಲೆ ಭಾಷಣ, ಕೆಳಗೆ ಹುಡುಗರು ಮೊಬೈಲ್.

ಹಾಗೆ ನೋಡಿದರೆ ನಮ್ಮ ಹಳ್ಳಿಗಳ ಮೊಹರಂ ಮೇಲು. ಮುಸ್ಲಿಂ ಮನೆ ಒಂದೂ ಇಲ್ಲದ ಊರಲ್ಲೂ ದೇವರು ಕೂಡಿಸುತ್ತಾರೆ. ರಿವಾಯತ್ ಪದ ಹಾಡುವ ಮೇಳದಲ್ಲಿ ಲಿಂಗಾಯತರು, ಕುರುಬರು, ಮುಸ್ಲಿಮರು ಎಲ್ಲ ಇರುತ್ತಾರೆ. ಹಬ್ಬಕ್ಕೆ ಎಷ್ಟೋ ಮುಂಚೆಯೇ ರಾತ್ರಿ ಕೂತು ಕಲಿಯುತ್ತಾರೆ, ಸವಾಲು ಜವಾಬು ಹಾಕುತ್ತಾರೆ. ಯಾರೂ ಅದಕ್ಕೆ ಪ್ರಾಜೆಕ್ಟ್ ಅಂತ ಹೆಸರಿಟ್ಟಿಲ್ಲ.

ಹಲಗಿ ಬಾಗಲಕೋಟೆ
ಅದನ್ನೇ ಹೇಳಬೇಕು ಅಂತಿದ್ದೆ. ಹೊಸದೇನೂ ಬೇಡ, ಇದ್ದದ್ದನ್ನು ಉಳಿಸಿ ಸಾಕು. ನಮ್ಮ ಬಾಗಲಕೋಟೆ ಹೋಳಿ ನೋಡಿದ್ದೀರಾ? ಒಂದು ದಿನದ್ದಲ್ಲ. ಬಂಡಿ, ಟ್ರ್ಯಾಕ್ಟರ್ ಮೇಲೆ ಬಣ್ಣದ ಬ್ಯಾರೆಲ್ ಹೇರಿಕೊಂಡು ಓಣಿಗಳು ಬೀದಿಗೆ ಇಳಿಯುತ್ತವೆ. ಹಲಗಿ ಚರ್ಮ ಸಡಿಲಾದರೆ ಹುಲ್ಲಿಗೆ ಬೆಂಕಿ ಹಾಕಿ ಕಾಯಿಸಬೇಕು. ಬಿಸಿ ಜಾಸ್ತಿ ಆದರೆ ಹರಿಯುತ್ತೆ, ಕಡಿಮೆಯಾದರೆ ಬಡಬಡ ಅನ್ನುತ್ತೆ. ಅದನ್ನು ಕಲಿಸೋದು ನಮ್ಮ ಓಣಿಯ ಹಿರಿಯರು.

ಹಲಗಿ ಬಾರಿಸೋದು ಯಾರ ಕೆಲಸ ಅಂತ ಊರು ಹಿಂದಿನಿಂದ ಗೆರೆ ಹಾಕಿದೆ, ಎಲ್ಲರಿಗೂ ಗೊತ್ತು. ಹೋಳಿಯಲ್ಲಿ ಮಾತ್ರ ಎಲ್ಲ ಜಾತಿಯ ಹುಡುಗರೂ ಅದನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಕಲೆ ಬೇಕಾ?

ಎರಡು ಮಕ್ಕಳ ತಾಯಿ
ಹಲಗಿ ಅಣ್ಣಾ, ಬಣ್ಣದಾಟದ ದಿನ ನಾವು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತೇವೆ. ಅದು ನೆನಪಿರಲಿ. ಎಲ್ಲ ಜಾತಿಯ ಹುಡುಗರು ಅಂದಿರಿ, ಹುಡುಗಿಯರು ಎಲ್ಲಿ? ಮೇಲಿನಿಂದ ಓದಿಕೊಂಡು ಬಂದೆ. ಎಲ್ಲರೂ ಹುಡುಗರು ಹುಡುಗರು ಅಂತಲೇ ಬರೆದಿದ್ದೀರಿ.

ನನ್ನ ಮಗಳು ಚೆನ್ನಾಗಿ ಚಿತ್ರ ಬರೆಯುತ್ತಾಳೆ. ಮನೆ ಮುಂದೆ ರಂಗೋಲಿ ಹಾಕಿದರೆ ಪಕ್ಕದ ಗಲ್ಲಿಯವರೂ ಬಂದು ನೋಡುತ್ತಾರೆ. ಸಂಜೆ ಆರರ ಮೇಲೆ ಆ ಗೋಡೆ ಹತ್ತಿರ ಕಳಿಸಿ ಅಂದರೆ ನಾನು ಕಳಿಸಲ್ಲ. ಅಲ್ಲಿ ಲೈಟ್ ಇಲ್ಲ, ಪಕ್ಕದಲ್ಲಿ ಕುಡಿಯೋರು. ಶಾಂತಿ ಕಲೆ ಅನ್ನೋ ಮೊದಲು ಅಲ್ಲೊಂದು ಬಲ್ಬ್ ಹಾಕಿಸಿ.

ಹಲಗಿ ಬಾಗಲಕೋಟೆ
ಅಕ್ಕಾರೇ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮರಾಠಿ ಮನೆ ಕನ್ನಡ ಶಾಲೆ
ಮುಖ್ಯ ಪ್ರಶ್ನೆ ಯಾರೂ ಕೇಳಲಿಲ್ಲ. ಗೋಡೆ ಮೇಲೆ ಅಕ್ಷರ ಯಾವ ಭಾಷೆಯದು? ಇದು ಬೆಳಗಾವಿ ಸ್ವಾಮಿ. ನವೆಂಬರ್ 1 ಬಂದರೆ ಒಂದು ಕಡೆ ಕೆಂಪು ಹಳದಿ, ಇನ್ನೊಂದು ಕಡೆ ಕಪ್ಪು ಬಾವುಟ. ಗಡಿ ವಿವಾದದ ಮಹಾಜನ ವರದಿ 1967ರಲ್ಲೇ ಬಂತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೂ ಹೋಯಿತು. ಹಾಗಿದ್ದರೂ ಬೋರ್ಡಿಗೆ ಮಸಿ ಬಳಿಯೋದು ಮಾತ್ರ ನಿಂತಿಲ್ಲ. ನಮ್ಮ ಮನೆಯಲ್ಲಿ ಮರಾಠಿ, ಓದಿದ್ದು ಕನ್ನಡದಲ್ಲಿ. ನನಗೆ ಎರಡೂ ಕಡೆಯಿಂದ ಬೈಗುಳ ಖಾಯಂ.

ಇಲ್ಲೇ ಪಕ್ಕದ ಸೂಳೇಭಾವಿಯಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರ ಮುಖ ಬರೆಯಿರಿ ಅಂತ ನನ್ನ ಸಲಹೆ. 1924ರಲ್ಲಿ ಹುಟ್ಟಿದವರು, ಕನ್ನಡ ಮನೆಯವರು. ಮರಾಠಿಯವರು ತಲೆ ಮೇಲೆ ಹೊತ್ತುಕೊಂಡರು, ಕಬೀರನ ಪದ ಹಾಡಿ ಹಿಂದಿಯವರನ್ನೂ ಗೆದ್ದರು. ಹೆಸರು ಬರೆಯೋದೇ ಬೇಡ. ಮುಖ ಎಲ್ಲರಿಗೂ ಗೊತ್ತು.

ಖಡಕ್ ಮಾತು
18 ವರ್ಷದ ಹುಡುಗನಿಗೆ ಗೊತ್ತಾ? ಕೇಳಿ ನೋಡಿ.

ಶಹಾಪುರದ ಮಗ
ಕೇಳಿದೆ ಸರ್, ಈಗಷ್ಟೇ. ನಮ್ಮ ಗುಂಪಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಅವರಿಗೆ ಬೇಕಾದದ್ದು ವಿರಾಟ್ ಕೊಹ್ಲಿ. ಪಕ್ಕದ ಗಲ್ಲಿಯವರಿಗೂ ಅದೇ.

ಮರಾಠಿ ಮನೆ ಕನ್ನಡ ಶಾಲೆ
ಹಾಗಾದರೆ ಕೊಹ್ಲಿಯೇ ಆಗಲಿ! ಒಪ್ಪಿಗೆ ಅಂತ ಒಂದು ಸಿಕ್ಕಿತಲ್ಲ.

ಖಡಕ್ ಮಾತು
ನಗೋದು ಸರಿ. ನನ್ನ ತಕರಾರು ಬೇರೆ. 2023ರಲ್ಲಿ ಅನಂತ ಚತುರ್ದಶಿ ಮತ್ತು ಈದ್ ಮಿಲಾದ್ ಒಂದೇ ದಿನ ಬಂದವು, ಸೆಪ್ಟೆಂಬರ್ 28. ಹಲವು ಊರಲ್ಲಿ ಮುಸ್ಲಿಂ ಹಿರಿಯರು ತಾವೇ ಮೆರವಣಿಗೆ ಮುಂದೂಡಿದರು. ಎಷ್ಟೋ ಕಡೆ ಗಲಾಟೆ ತಪ್ಪಿತು. ಅದು ಆಗಿದ್ದು ಹಿರಿಯರು ಕೂತು ಮಾತಾಡಿದ್ದರಿಂದ. ಯಾವ ಚಿತ್ರದಿಂದಲೂ ಅಲ್ಲ, ಹಾಡಿನಿಂದಲೂ ಅಲ್ಲ.

ನಾಟಕದ ಅಕ್ಕ
ಒಪ್ಪಿದೆ. ಆದರೆ ಆ ಶಾಂತಿ ಸಭೆಗಳಲ್ಲಿ ಯಾರು ಕೂತಿರುತ್ತಾರೆ ನೋಡಿ. ಠಾಣೆಯ ಹಾಲ್, ಮುಂದಿನ ಸಾಲಲ್ಲಿ ಐವತ್ತು ದಾಟಿದವರು, ಚಹಾ, ಬಿಸ್ಕೆಟ್. ಡಿಜೆ ಮುಂದೆ ಕುಣಿಯುವವನು, ಬೈಕ್ ಹತ್ತಿ ಓಡುವವನು, ಫಾರ್ವರ್ಡ್ ಒತ್ತುವವನು ಆ ಹಾಲ್‌ಗೆ ಕಾಲೇ ಇಡಲ್ಲ. ಅವನನ್ನು ಕರೆದರೆ 'ಗಲಾಟೆ ಮಾಡಬೇಡ' ಅಂತ ಹೇಳೋಕೆ ಮಾತ್ರ. 2015ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇ 2250ನೇ ಠರಾವು ಮಾಡಿ, ಶಾಂತಿಯ ತೀರ್ಮಾನಗಳಲ್ಲಿ ಯುವಜನರಿಗೂ ಪಾಲು ಇರಬೇಕು ಅಂದಿತು.

ಗುಮ್ಮಟ ನಗರಿ
ಅಕ್ಕಾ, ಠರಾವು ಬೇಡ, ನೀವು ಮಾಡಿದ್ದು ಹೇಳಿ.

ನಾಟಕದ ಅಕ್ಕ
ಹೇಳ್ತೀನಿ. ಬ್ರೆಜಿಲ್‌ನ ಆಗಸ್ಟೊ ಬೊಆಲ್ 1970ರ ದಶಕದಲ್ಲಿ ಒಂದು ಪದ್ಧತಿ ರೂಪಿಸಿದರು. ಫೋರಂ ಥಿಯೇಟರ್ ಅಂತಾರೆ. ಒಂದು ಸಣ್ಣ ಕಥೆ, ಕೆಟ್ಟದಾಗಿ ಮುಗಿಯಬೇಕು. ಎರಡನೇ ಸಲ ಆಡುವಾಗ ನೋಡುವವರು ಯಾರಾದರೂ 'ನಿಲ್ಲಿಸಿ' ಅಂತ ಎದ್ದು ಬಂದು, ಒಂದು ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ತೋರಿಸಬಹುದು.

ನಮ್ಮ ಕಾಲೇಜಲ್ಲಿ ಆಡಿದ ಕಥೆ ಇದು. ರಾತ್ರಿ ಹತ್ತಕ್ಕೆ ಒಂದು ಮೆಸೇಜ್ ಬರುತ್ತೆ, 'ನಮ್ಮ ಹುಡುಗನನ್ನು ಹೊಡೆದರು'. ಹುಡುಗರು ಬೈಕ್ ತೆಗೆಯುತ್ತಾರೆ. ಎರಡನೇ ಸಲ ಮೊದಲು ಎದ್ದು ಬಂದವನು ಒಬ್ಬ ಒಳ್ಳೆ ಮಾತುಗಾರ. ಸೌಹಾರ್ದದ ಬಗ್ಗೆ ಉದ್ದಕ್ಕೆ ಭಾಷಣ ಮಾಡಿದ. ಪಾತ್ರದಲ್ಲಿದ್ದವರು ಅವನನ್ನು ಪಕ್ಕಕ್ಕೆ ತಳ್ಳಿ ಹೊರಟೇಬಿಟ್ಟರು. ಹಾಲ್ ಎಲ್ಲ ನಗು. ಆಮೇಲೆ ಹಿಂದಿನ ಬೆಂಚಿನ ಒಬ್ಬಳು ಬಂದಳು, ತಾಯಿ ಪಾತ್ರಕ್ಕೆ. ಏನೂ ಮಾತಾಡಲಿಲ್ಲ. ಗೋಡೆಯ ಮೊಳೆಯಿಂದ ಬೈಕ್ ಕೀಲಿ ತೆಗೆದಂತೆ ಮಾಡಿ, ಅಕ್ಕಿ ಡಬ್ಬಿಯಲ್ಲಿ ಹಾಕಿ ಮುಚ್ಚಿ, 'ಊಟಕ್ಕೆ ಬಾ' ಅಂದಳು. ಮಗ ಕೀಲಿ ಹುಡುಕುತ್ತಾ ನಿಂತ. ಅಷ್ಟರಲ್ಲಿ ಇನ್ನೊಬ್ಬ ಎದ್ದು ಬಂದು, ಹೊಡೆತ ತಿಂದ ಅಂತಿದ್ದ ಹುಡುಗನಿಗೇ ಫೋನ್ ಹಚ್ಚಿದ. ಅವನು ಮನೆಯಲ್ಲಿ ಮಲಗಿದ್ದ! ಮುಂದೆ ಅರ್ಧ ಗಂಟೆ ಚರ್ಚೆ ನಡೆದದ್ದು ಇದರ ಮೇಲೇ: ಮೊದಲು ಫೋನ್ ಮಾಡೋಕೆ ಯಾಕೆ ಯಾರಿಗೂ ತೋಚಲ್ಲ?

ಖಡಕ್ ಮಾತು
ಚೆನ್ನಾಗಿದೆ. ಆದರೆ ಆ ಹುಡುಗರು ನಿಜವಾದ ರಾತ್ರಿಯಲ್ಲಿ ಫೋನ್ ಮಾಡ್ತಾರಾ?

ನಾಟಕದ ಅಕ್ಕ
ಎಲ್ಲರೂ ಮಾಡ್ತಾರೆ ಅಂತ ನಾನು ಹೇಳಲ್ಲ. ಒಂದು ಸಲ ಆಡಿ ನೋಡಿದವನ ತಲೆಯಲ್ಲಿ ಆ ದಾರಿ ಇರುತ್ತೆ, ಅಷ್ಟೇ. ಆಡದವನ ತಲೆಯಲ್ಲಿ ಬೈಕ್ ಮಾತ್ರ.

ಖಡಕ್ ಮಾತು
ಸರಿ, ನನ್ನ ಷರತ್ತು ಬರೆದುಕೊಳ್ಳಿ. ಒಂದು, ಉದ್ಘಾಟನೆ ಇರಬಾರದು. ಎರಡು, ಕೆಲಸ ಮಾಡಿದ ಮಕ್ಕಳಿಗೆ ಕೂಲಿ ಕೊಡಬೇಕು. ಸರ್ಟಿಫಿಕೇಟ್ ಕೊಟ್ಟು ಕಳಿಸೋದು ಮೋಸ. ಕಾಕಾ ಹೇಳಿದ ಕೆರೆಯೋದು, ಪುಟ್ಟಿ, ಪ್ರೈಮರ್ ಕಲಿತರೆ ನಾಳೆ ಪೇಂಟಿಂಗ್ ಕೆಲಸಕ್ಕಾದರೂ ಹೋಗಬಹುದು. ಕೇಸ್ ಬಿದ್ದ ಆ ನಾಲ್ಕು ಜನರನ್ನು ಮೊದಲು ಕರೀರಿ. ಅವರನ್ನು ಬಿಟ್ಟು ಒಳ್ಳೆ ಮಕ್ಕಳನ್ನೇ ಕರೆದು ಚಿತ್ರ ಬರೆಸಿದರೆ ಅದು ಡ್ರಾಯಿಂಗ್ ಸ್ಪರ್ಧೆ ಆಗುತ್ತೆ.

ಶಹಾಪುರದ ಮಗ
ನಾಲ್ವರಲ್ಲಿ ಮೂವರು ಬರ್ತೀನಿ ಅಂದಿದ್ದಾರೆ. ಕಾನ್‌ಸ್ಟೇಬಲ್ ಪರೀಕ್ಷೆಯವನು ಇನ್ನೂ ಮಾತಾಡ್ತಿಲ್ಲ. ಕಾಕಾ, ಪ್ರೈಮರ್ ಎಷ್ಟು ಬೇಕು? ಗಣಪತಿ ಮುಂಚೆ ಆಗುತ್ತಾ?

ಬೋರ್ಡ್ ಪೇಂಟರ್ ಕಾಕಾ
60 ಅಡಿ, 7 ಅಡಿ ಅಂದರೆ 420 ಚದರ ಅಡಿ. ಹಳೇ ಗೋಡೆ ಬಣ್ಣ ಜಾಸ್ತಿ ಕುಡಿಯುತ್ತೆ, ಆರು ಲೀಟರ್ ಪ್ರೈಮರ್ ಹಿಡಿಯಿರಿ. ಗಣಪತಿ ಮುಂಚೆ ಆಗಲ್ಲ. ಒದ್ದೆ ಗೋಡೆ ಮುಟ್ಟೋಕೆ ನಾನು ಬರಲ್ಲ. ದಸರಾ ಆಗಲಿ, ಬಿಸಿಲು ಬರಲಿ.

ನಾಟಕದ ಅಕ್ಕ
ಹಾಗಾದರೆ ಗಣಪತಿ ಮುಂಚೆ ನಾಟಕ ಆಡೋಣ. ಎರಡೂ ಗಲ್ಲಿಗೆ ಹತ್ತಿರ ಒಂದು ಸಭಾಭವನ ಹುಡುಕಿ. ಮಳೆ ಬಂದರೂ ತೊಂದರೆ ಇಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ತಾಯಿಯವರೂ ಮಗಳನ್ನು ಕಳಿಸ್ತಾರಾ?

ಎರಡು ಮಕ್ಕಳ ತಾಯಿ
ಬೆಳಿಗ್ಗೆ ಆದರೆ ಕಳಿಸ್ತೀನಿ. ಮಗನನ್ನೂ ಎಬ್ಬಿಸಿ ಕಳಿಸ್ತೀನಿ, ಅವನು ಏಳೋದೇ ಹನ್ನೊಂದಕ್ಕೆ. ಬಲ್ಬಿನ ವಿಷಯ ಮರೆಯಬೇಡಿ. ವಾರ್ಡಿನವರಿಗೆ ಅರ್ಜಿ ಕೊಡಿ, ಸಹಿ ನಾವು ಹೆಂಗಸರು ಹಾಕ್ತೀವಿ.

ಖಡಕ್ ಮಾತು
ಆರು ಲೀಟರ್ ಪ್ರೈಮರ್ ನನ್ನ ಲೆಕ್ಕ. ಹೆಸರು ಎಲ್ಲೂ ಹಾಕಬೇಡಿ. ಗಣಪತಿ ಮೆರವಣಿಗೆ ಮುಗಿದ ಮರುವಾರ ನಾಟಕ ಇನ್ನೊಮ್ಮೆ ಆಡಿ, ಎಷ್ಟು ಜನ ಬರ್ತಾರೆ ಅಂತ ಇಲ್ಲೇ ಬರೀರಿ. ಅದನ್ನು ನೋಡಿ ದುಡ್ಡು ಕೊಡ್ತೀನಿ.